ಬಿಟ್ಟು ಬಂದವಳ ಮಾತು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)



ಅಪ್ಪಗಳು ನನಗೆ ಕೊಟ್ಟ ವಿಷಯ 'ಶರಣ ಧರ್ಮದಲ್ಲಿ ವೈರಾಗ್ಯ'. ವೈರಾಗ್ಯದ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು. ಎದೆಯ ಮೇಲೆ ಲಿಂಗವಿರಲಿಲ್ಲ, ಮನೆಯಲ್ಲಿ ಜಗುಲಿ ಇರಲಿಲ್ಲ. ನನ್ನ ಯಜಮಾನರೂ ಹಾಗೆಯೇ. ಬಸವಣ್ಣನವರ ಮೇಲೆ ಇಬ್ಬರಿಗೂ ಅಭಿಮಾನವಿತ್ತು, ಆದರೆ ಅದು ಸಮಾಜ ಸುಧಾರಕನೊಬ್ಬನ ಮೇಲಿನ ಅಭಿಮಾನ. ವಚನಗಳನ್ನು ಭಾಷಣಕ್ಕೆ ಬಳಸುತ್ತಿದ್ದೆವು. ಬೆಳಗಿನ ಹೊತ್ತು ಅವುಗಳ ಎದುರು ಕುಳಿತದ್ದಿಲ್ಲ. ಅಂಥವಳು ಇವತ್ತು ಒಂದು ಮಹಿಳಾ ಆಶ್ರಮದ ದಾಸೋಹದ ಮನೆಯಲ್ಲಿ ಇದ್ದೇನೆ. ಅದರ ಕಥೆಯನ್ನಷ್ಟೇ ಹೇಳುತ್ತೇನೆ.

ಯಜಮಾನರು ತೀರಿಕೊಂಡ ದಿನ ಊರಿನಿಂದ ಹಿರಿಯರು ಬಂದರು. ವಿಭೂತಿ ಹಚ್ಚಿ ಶರೀರವನ್ನು ಕುಳಿತ ಭಂಗಿಯಲ್ಲಿ ಇರಿಸಿದರು. ಕ್ರಿಯಾಸಮಾಧಿಯಲ್ಲಿ ಎಡಗೈಯ ಅಂಗೈಗೆ ಇಷ್ಟಲಿಂಗ ಕೊಡಬೇಕು. ಒಬ್ಬ ಅಜ್ಜ ನನ್ನ ಕಡೆ ತಿರುಗಿ, 'ತಂಗಿ, ಅವರ ಲಿಂಗ ಎಲ್ಲಿದೆ?' ಎಂದರು. ಎಲ್ಲಿದೆ? ಮನೆಯೆಲ್ಲ ಹುಡುಕಿದೆವು. ಬ್ಯಾಂಕಿನ ಪಾಸ್‌ಬುಕ್ಕು ಸಿಕ್ಕಿತು, ಹಳೆಯ ಸೂಕ್ಷ್ಮದರ್ಶಕ ಸಿಕ್ಕಿತು. ಕೊನೆಗೆ ಯಾರೋ ಪೇಟೆಗೆ ಹೋಗಿ ಹೊಸದೊಂದನ್ನು ತಂದರು. ಅದಕ್ಕೆ ಅಂಗಡಿಯ ಪ್ಲಾಸ್ಟಿಕ್ ಚೀಲ ಇನ್ನೂ ಸುತ್ತಿತ್ತು. ನನಗೆ ಆಗ ಭಕ್ತಿ ಹುಟ್ಟಲಿಲ್ಲ, ಸುಳ್ಳು ಹೇಳುವುದಿಲ್ಲ. ನಾಚಿಕೆಯಾಯಿತು. ನಂಬದೇ ಇದ್ದದ್ದಕ್ಕೆ ನಾಚಿಕೆಯಲ್ಲ. ಬೇಡವೆಂದು ಬಿಡುವ ಮೊದಲು ಅದು ಏನೆಂದು ಒಮ್ಮೆಯೂ ಕೈಯಲ್ಲಿ ಹಿಡಿದು ನೋಡಿರಲಿಲ್ಲವಲ್ಲ, ಅದಕ್ಕೆ. ಗಿಡದ ಒಂದು ಎಲೆಯನ್ನೂ ನಾನು ಹಾಗೆ ನೋಡದೆ ಎಸೆದವಳಲ್ಲ.

ಒಂದು ವರ್ಷದ ಮೇಲೆ ಆಶ್ರಮಕ್ಕೆ ಬಂದೆ. ಹದಿನೈದು ದಿನಕ್ಕೆಂದು ಬಂದವಳು. ಇದು ಆರನೆಯ ವರ್ಷ.

ಮಗಳು ಬೆಂಗಳೂರಿನಲ್ಲಿ ಇಂಜಿನಿಯರು. ಫೋನಿನಲ್ಲಿ ಒಂದೇ ಮಾತು ಹೇಳಿದಳು: 'ಅವ್ವಾ, ನೀನು ಓಡಿ ಹೋದೆ.' ನನ್ನ ಸಹೋದ್ಯೋಗಿಗಳು ಅಷ್ಟು ನೇರವಾಗಿ ಹೇಳಲಿಲ್ಲ, 'ನಿಮ್ಮಂಥವರೂ?' ಎಂದರು. ಈ ಎರಡು ಮಾತುಗಳಿಗೆ ಉತ್ತರ ಹುಡುಕಲು ನಾನು ಶರಣರ ಕಡೆ ಹೋದೆ. ಅಲ್ಲಿ ಮೊದಲು ಸಿಕ್ಕದ್ದು ನನ್ನ ಪರವಾದ ಸಾಕ್ಷಿಯಲ್ಲ.

ನಮ್ಮ ಧರ್ಮದಲ್ಲಿ ಗುಹೆಗೆ ಜಾಗ ಕಡಿಮೆ. ಸಂಸಾರ ಬಿಟ್ಟು ಕಾಡಿಗೆ ಹೋಗು ಎಂದು ಬಸವಣ್ಣನವರು ಹೇಳಲಿಲ್ಲ. ಕಾಯಕ ಹಿಡಿ, ಬಂದದ್ದನ್ನು ಹಂಚು ಎಂದರು. ಚಮ್ಮಾರ ಚರ್ಮದ ಮುಂದೆ, ಅಂಬಿಗ ದೋಣಿಯಲ್ಲಿ ಕುಳಿತೇ ಶರಣನಾದ. ಹಾಗಿದ್ದ ಮೇಲೆ ಪಿಂಚಣಿ ತೆಗೆದುಕೊಂಡು ಆಶ್ರಮದ ನೆರಳಿಗೆ ಬಂದ ನನಗೆ ಯಾವ ಸಮರ್ಥನೆ? ಅಕ್ಕಮಹಾದೇವಿ ಇದ್ದಾಳಲ್ಲ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಂಡಿರುತ್ತೀರಿ. ನಾನೂ ಅಕ್ಕನ ಹಿಂದೆ ಅಡಗಲು ನೋಡಿದೆ. ಆದರೆ ಅಕ್ಕ ಉಡುತಡಿಯ ಅರಮನೆ ಬಿಟ್ಟು ಕಲ್ಯಾಣಕ್ಕೆ ಬಂದಾಗ ಆಕೆಗೆ ಮೊದಲು ಸಿಕ್ಕದ್ದು ಪರೀಕ್ಷೆ. ಶೂನ್ಯ ಸಂಪಾದನೆಯನ್ನು ಓದಿದವರಿಗೆ ಗೊತ್ತು. ಕಿನ್ನರಿ ಬೊಮ್ಮಯ್ಯ ಮೊದಲು ಪರೀಕ್ಷಿಸಿದ. ಆಮೇಲೆ ಅಲ್ಲಮಪ್ರಭುಗಳು ತುಂಬಿದ ಸಭೆಯಲ್ಲಿ ಕೇಳಿದರು: ನಿನ್ನ ಗಂಡ ಯಾರು, ದೇಹದ ಹಂಗು ಬಿಟ್ಟವಳಾದರೆ ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ? ಎಳೆಯ ಹೆಣ್ಣುಮಗಳನ್ನು ಹೀಗೆ ಕೇಳಬಹುದೇ ಎಂದು ಒಂದು ಕಾಲದಲ್ಲಿ ನನಗೆ ಪ್ರಭುಗಳ ಮೇಲೆ ಸಿಟ್ಟಿತ್ತು. ಈಗ ಬೇರೆ ರೀತಿ ಕಾಣುತ್ತದೆ. ಬಿಟ್ಟು ಬಂದೆ ಎನ್ನುವವರನ್ನು ಏನು ಬಿಟ್ಟೆ, ಏನು ಹಿಡಿದುಕೊಂಡು ಬಂದೆ ಎಂದು ಕೇಳದೆ ಒಳಗೆ ಬಿಟ್ಟುಕೊಳ್ಳುವ ಜಾಗ ಛತ್ರವಾಗುತ್ತದೆ, ಅನುಭವ ಮಂಟಪವಾಗುವುದಿಲ್ಲ. ನಮ್ಮ ಆಶ್ರಮಗಳು ಈಗ ಯಾರನ್ನೂ ಏನನ್ನೂ ಕೇಳುವುದಿಲ್ಲ. ನನ್ನನ್ನೂ ಕೇಳಲಿಲ್ಲ. ಚಾಪೆ, ತಟ್ಟೆ ಕೊಟ್ಟರು, ಅಷ್ಟೆ.

ನನಗೆ ಹೆಚ್ಚು ಹತ್ತಿರವಾದ ಹೆಣ್ಣು ಇನ್ನೊಬ್ಬಳು. ಮೋಳಿಗೆಯ ಮಾರಯ್ಯನ ಹೆಂಡತಿ ಮಹಾದೇವಮ್ಮ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ದಂಪತಿಗಳು ಕಲ್ಯಾಣಕ್ಕೆ ಬಂದರು ಎಂಬುದು ನಮ್ಮ ಪರಂಪರೆಯ ಮಾತು. ಬಂದವರು ಮಹಾಮನೆಯ ಪಂಕ್ತಿಯಲ್ಲಿ ಉಂಡು ಕಾಲ ಕಳೆಯಲಿಲ್ಲ. ಆತ ಕಾಡಿನಿಂದ ಸೌದೆ ಹೊತ್ತು ತಂದು ಮಾರಿದ, ಆಕೆ ಅಂಬಲಿ ಕಾಸಿ ಜಂಗಮರಿಗೆ ನೀಡಿದಳು. ಅರಮನೆ ಬಿಟ್ಟದ್ದನ್ನು ಕೊಂಡಾಡುವ ನಾವು ಸೌದೆಯ ಹೊರೆಯನ್ನು ಬೇಗ ಮರೆಯುತ್ತೇವೆ. ಆಯ್ದಕ್ಕಿ ಲಕ್ಕಮ್ಮನಂತೂ ಬಿಡಲೇ ಇಲ್ಲ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ, ತಂದಲ್ಲೇ ಸುರಿದು ಬಾ ಎಂದಳು. ಇನ್ನೊಮ್ಮೆ ಆತ ಪ್ರಭುಗಳ ಜೊತೆ ಅನುಭಾವದ ಮಾತಿನಲ್ಲಿ ಮೈಮರೆತ, ಕಾಯಕದ ಹೊತ್ತಾಯಿತು, ಏಳು ಎಂದಳು. ಅಲ್ಲಮರ ಎದುರು ಕುಳಿತವನನ್ನು ಎಬ್ಬಿಸಿದ ಹೆಂಗಸು! ಈ ಗೋಷ್ಠಿಗೆ ಆಕೆ ಬಂದಿದ್ದರೆ ನನ್ನ ಮಾತು ಇಷ್ಟೊತ್ತಿಗೆ ಮುಗಿಯುತ್ತಿತ್ತು.

ಹತ್ತಿರದ ಕಾಲಕ್ಕೆ ಬಂದರೆ ಜಯದೇವಿತಾಯಿ ಲಿಗಾಡೆ ಇದ್ದಾರೆ. ಸೊಲ್ಲಾಪುರದ ಅನುಕೂಲಸ್ಥ ಮನೆತನದವರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠದಲ್ಲಿ ಕುಳಿತ ಮೊದಲ ಹೆಣ್ಣುಮಗಳು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬಸವಕಲ್ಯಾಣದಲ್ಲಿ. ಅವರು ಎಲ್ಲಿಗೆ ಹೋದರೂ ಬರವಣಿಗೆ, ಸಂಘಟನೆ ಜೊತೆಗೇ ಹೋದವು.

ಹೀಗೆ ನೋಡಿದಾಗ ಮಗಳ ಮಾತು ಅರ್ಧ ನಿಜವೆಂದು ಒಪ್ಪಿಕೊಂಡೆ. ಬರುವಾಗ ಓಡಿಯೇ ಬಂದಿದ್ದೆ. ಖಾಲಿ ಮನೆಯಿಂದ, ಸಂಜೆ ಆರರಿಂದ ಹತ್ತರವರೆಗಿನ ಟಿ.ವಿ.ಯಿಂದ. ಬಂದ ಮೇಲೆ ಏನು ಮಾಡಿದೆ ಎಂಬುದು ಉಳಿದ ಅರ್ಧ.

ಅಲ್ಲಿ ಒಂದು ಸಂಗತಿ ನಡೆಯಿತು. ಹೇಳಬೇಕೋ ಬೇಡವೋ ಎಂದು ಅಪ್ಪಗಳನ್ನು ಕೇಳಿದ್ದೆ. 'ಹೇಳು, ಮಠಗಳೂ ಕೇಳಿಸಿಕೊಳ್ಳಲಿ' ಎಂದರು. ನಮ್ಮ ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ಹುಡುಗಿಯೊಬ್ಬಳು ತಿಂಗಳಲ್ಲಿ ಮೂರು ದಿನ ಕಾಣುತ್ತಿರಲಿಲ್ಲ. ಕೇಳಿದರೆ, ಹಿತ್ತಲ ಕೋಣೆಯಲ್ಲಿ ಕುಳಿತಿದ್ದಾಳೆ. ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಚಿತ್ರ, ಪ್ರತಿ ಸೋಮವಾರ ವಚನ ಪಠಣ, ಅಡುಗೆಮನೆಯ ಹಿಂದೆ ಮುಟ್ಟಿನ ಕೋಣೆ! ಜನನ, ಮರಣ, ಜಾತಿ, ಎಂಜಲು, ರಜಸ್ಸು, ಈ ಐದೂ ಸೂತಕಗಳನ್ನು ಶರಣರು ಕಿತ್ತು ಹಾಕಿ ಎಂಟು ನೂರು ವರ್ಷ ಮೀರಿತು. ಲಿಂಗ ಧರಿಸಿದವಳಿಗೆ ಸೂತಕವಿಲ್ಲ ಎಂಬುದು ನಮ್ಮ ಧರ್ಮದ ಬುಡದ ಮಾತು, ಕೊನೆಯ ಅಧ್ಯಾಯದ್ದಲ್ಲ. ಆ ರಾತ್ರಿ ನಾನು ಚೀಲ ಕಟ್ಟಿದೆ. ನನ್ನ ಸಹೋದ್ಯೋಗಿಗಳೇ ಸರಿ ಎಂದುಕೊಂಡೆ.

ಬೆಳಗ್ಗೆ ಹೊಳೆಯಿತು, ಇದು ಎರಡನೆಯ ಓಟ. ಚೀಲ ಬಿಚ್ಚಿ ಸಂಜೆಯ ಪ್ರಾರ್ಥನೆಯಲ್ಲಿ ಎದ್ದು ನಿಂತು ಕೇಳಿದೆ. ಮೂವತ್ತೊಂದು ವರ್ಷ ಪಾಠ ಮಾಡಿದವಳ ಧ್ವನಿ ನಡುಗಿತು. ಅಡುಗೆಮನೆಯ ಹಿರಿಯಕ್ಕನಿಗೆ ಎಪ್ಪತ್ತು ದಾಟಿತ್ತು. ಅವರು ಸಿಟ್ಟಾದರು: 'ನಿನ್ನೆ ಮೊನ್ನೆ ಬಂದವಳು. ಕೊರಳಲ್ಲಿ ಲಿಂಗವೇ ಇಲ್ಲದವಳು ಲಿಂಗವಂತರಿಗೆ ಸೂತಕ ಹೇಳಿಕೊಡುತ್ತೀಯಾ?' ಸಭೆ ನಕ್ಕಿತು. ಮಾತು ಸರಿಯಾಗಿತ್ತು. ಪ್ರಭುಗಳು ಬಾಗಿಲಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆ ಅಕ್ಕ ಒಳಗೆ ಕೇಳಿದ್ದರು.

ನಾನು ಲಿಂಗದೀಕ್ಷೆ ಪಡೆದದ್ದು ಅದಾಗಿ ಏಳು ತಿಂಗಳಿಗೆ. ವಾದ ಗೆಲ್ಲಲು ಪಡೆದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಸ್ವಲ್ಪ ಇರಬಹುದು. ಈಗ ಬೆಳಗ್ಗೆ ಅಂಗೈಯ ಮೇಲಿಟ್ಟುಕೊಂಡು ನೋಡುತ್ತೇನೆ. ಏನು ಕಂಡಿತು ಎಂದು ಕೇಳಬೇಡಿ, ಕಂಡದ್ದು ಹೇಳುವಷ್ಟಿಲ್ಲ. ಕೆಲವು ದಿನ ಅರ್ಧ ಗಂಟೆ ಮನಸ್ಸು ಅಲ್ಲಾಡದೆ ನಿಲ್ಲುತ್ತದೆ. ಕೆಲವು ದಿನ ಬೇಳೆಯ ಲೆಕ್ಕವೇ ನಡೆಯುತ್ತದೆ.

ಕೋಣೆ ಈಗ ಜೋಳದ ಉಗ್ರಾಣ. ಆದರೆ ಅದು ಒಂದು ದಿನದಲ್ಲಿ ಆಗಲಿಲ್ಲ, ಎಲ್ಲರ ಒಪ್ಪಿಗೆಯಿಂದಲೂ ಆಗಲಿಲ್ಲ. ಇಬ್ಬರು ತಾಯಂದಿರು ಆಶ್ರಮ ಬಿಟ್ಟರು. ಹಿರಿಯಕ್ಕ ಬಿಡಲಿಲ್ಲ. ಆ ಹುಡುಗಿ ಬಡಿದ ರೊಟ್ಟಿಯನ್ನು ಎಷ್ಟೋ ದಿನ ಮುಟ್ಟದೆ ಬರೀ ಅನ್ನ ಉಂಡರು. ಮಳೆಗಾಲದ ಒಂದು ರಾತ್ರಿ ಅಕ್ಕನಿಗೆ ಜ್ವರ ಬಂತು, ಹುಡುಗಿ ಗಂಜಿ ಕಾಸಿ ತಂದಳು. ಕುಡಿದರು. ಏನೂ ಹೇಳಲಿಲ್ಲ. ಯಾವ ದಿನವೆಂದು ಕೇಳಲೂ ಇಲ್ಲ.

ಕಳೆದ ಶ್ರಾವಣದಲ್ಲಿ ಮಗಳು ಬಂದಿದ್ದಳು. ಎರಡು ದಿನ ಇದ್ದಳು. ಆಶ್ರಮದ ಲೆಕ್ಕಪತ್ರ ಇಡುವ ರೀತಿ ಸರಿಯಿಲ್ಲ ಎಂದು ಜಗಳವಾಡಿ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಹೊಸದಾಗಿ ಬರೆದು ಕೊಟ್ಟು ಹೋದಳು. 'ಓಡಿ ಹೋದೆ' ಎಂಬ ಮಾತನ್ನು ವಾಪಸು ತೆಗೆದುಕೊಂಡಿಲ್ಲ. ನಾನೂ ಕೇಳಿಲ್ಲ.

ಇನ್ನೂ ಹೇಳುವುದಿತ್ತು. ಆದರೆ ನಾಳೆ ಅಮಾವಾಸ್ಯೆಯ ದಾಸೋಹ, ಅಕ್ಕಿ ಆರಿಸುವುದು ಬಾಕಿ ಇದೆ, ಎಂಟೂವರೆಯ ಬಸ್ಸು ತಪ್ಪಿದರೆ ಬೇರೆ ಬಸ್ಸಿಲ್ಲ.