ರಕ್ತನಿವಾರಣದಲ್ಲಿ ಅಗ್ನಿಯ ಉಪಯೋಗವು



ಸುರಿಯುವ ರಕ್ತವನ್ನು ನಿಲ್ಲಿಸಲು ಸುಶ್ರುತಸಂಹಿತೆಯಲ್ಲಿ ನಾಲ್ಕು ಉಪಾಯಗಳು ಹೇಳಲ್ಪಟ್ಟಿರುವುವು: ಸಂಧಾನ, ಸ್ಕಂದನ, ಪಾಚನ, ದಹನ. ಮೊದಲಿನ ಮೂರೂ ಫಲಿಸದಿದ್ದಲ್ಲಿ ಮಾತ್ರವೇ ದಹನವನ್ನು ಆಶ್ರಯಿಸತಕ್ಕದ್ದೆಂಬುದು ಆಚಾರ್ಯನ ಮತವು. ಅಗ್ನಿಯು ರಕ್ತವನ್ನು ತಡೆಯುವುದು; ನೆರೆಯ ಅಂಗವನ್ನೂ ಸುಡಬಲ್ಲದು. ಈ ಎರಡರ ನಡುವೆ ಇಂದಿನ ಶಸ್ತ್ರವೈದ್ಯರು ನಡೆಯುವ ಬಗೆಯನ್ನು, ಅತಿಸ್ಥೌಲ್ಯಕ್ಕೆ ಮಾಡುವ ಶಸ್ತ್ರಚಿಕಿತ್ಸೆಯನ್ನು ನಿದರ್ಶನವಾಗಿಟ್ಟುಕೊಂಡು ಅರಿಕೆಮಾಡುವೆನು.

ಈ ಚಿಕಿತ್ಸೆಯಲ್ಲಿ ಉದರವನ್ನು ಅಗಲವಾಗಿ ಸೀಳದೆ, ಕಿರಿದಾದ ರಂಧ್ರಗಳಿಂದ ಕ್ಯಾಮೆರಾವನ್ನೂ ನೀಳವಾದ ಉಪಕರಣಗಳನ್ನೂ ಒಳಗೆ ಬಿಡುವರು. 'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಹೊರಬಾಗಿನ ಅಂಚಿಗಂಟಿದ ಕೊಬ್ಬಿನ ಪೊರೆಯನ್ನು ರಕ್ತನಾಳಗಳೊಡನೆ ಬಿಡಿಸಿ, ಜಠರದ ಬಹುಭಾಗವನ್ನು ತೆಗೆದುಬಿಡುವರು. ಮೇಲ್ಗಡೆ ಪ್ಲೀಹದ ಬಳಿಯ ಗಿಡ್ಡ ನಾಳಗಳು ಆಳದಲ್ಲಿರುವುವು. ಅಲ್ಲಿ ಒಂದು ಹರಿದರೂ ರಕ್ತವು ನೋಟವನ್ನೇ ಮುಚ್ಚುವುದು; ಒಂದೊಂದಕ್ಕೂ ದಾರ ಕಟ್ಟುವುದು ಬಹು ಕಷ್ಟಸಾಧ್ಯವು.

1926ನೆಯ ಅಕ್ಟೋಬರ್ 1ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಹಾರ್ವೆ ಕುಶಿಂಗರು, ವಿಲಿಯಂ ಬೋವಿಯವರು ರಚಿಸಿದ ವಿದ್ಯುದ್ಯಂತವನ್ನು ತಲೆಯ ಗೆಡ್ಡೆಯೊಂದನ್ನು ತೆಗೆಯುವಲ್ಲಿ ಉಪಯೋಗಿಸಿದರು. ಸಣ್ಣ ನಾಳಗಳನ್ನು ಸುಟ್ಟು ಮುಚ್ಚುವುದು ಆ ಮಾರ್ಗವು. ದೊಡ್ಡ ನಾಳಗಳಿಗೆ ಅದು ಸಾಲದು. ಅದಕ್ಕಾಗಿ ಈಗ ಮುಖ್ಯವಾಗಿ ಎರಡು ಬಗೆಯ ಉಪಕರಣಗಳುಂಟು.

ಮೊದಲನೆಯದು ಲಿಗಾಶೂರ್ ಮುಂತಾದುದು. ಇದು ನಾಳವನ್ನು ಇಕ್ಕಳದಂತೆ ಅದುಮಿ ಹಿಡಿಯುವುದು. ವಿದ್ಯುತ್ತು ಆ ಎರಡು ದವಡೆಗಳ ನಡುವೆ ಮಾತ್ರ ಹರಿಯುವುದು. ನಾಳದ ಭಿತ್ತಿಯಲ್ಲಿರುವ ಕೊಲಾಜೆನ್, ಇಲಾಸ್ಟಿನ್ ಎಂಬ ಧಾತುಗಳು ಕರಗಿ ಒಂದಾಗಿ ಬೆಸೆಯುವುವು. ಯಂತ್ರವು ತಡೆಯನ್ನು ತಾನೇ ಅಳೆದು, ಬೆಸುಗೆ ಮುಗಿದೊಡನೆ ನಿಲ್ಲುವುದು. 7 ಮಿಲಿಮೀಟರಿನವರೆಗಿನ ನಾಳಗಳಿಗೆ ಇದು ಸಲ್ಲುವುದು.

ಎರಡನೆಯದು ಹಾರ್ಮೋನಿಕ್ ಎಂಬ ಅಲುಗು. ಇದರಲ್ಲಿ ರೋಗಿಯ ದೇಹದೊಳಗೆ ವಿದ್ಯುತ್ತು ಹರಿಯುವುದಿಲ್ಲ. ಅಲುಗು ಸೆಕೆಂಡಿಗೆ ಸುಮಾರು 55,500 ಸಲ ಕಂಪಿಸಿ, ಘರ್ಷಣೆಯ ಶಾಖದಿಂದ ಮುಚ್ಚುತ್ತಲೇ ಕತ್ತರಿಸುವುದು. ಇದರ ಪೂರ್ವದ ಮಿತಿಯು 5 ಮಿಲಿಮೀಟರ್. ಹೊಸ ಮಾದರಿಗಳಲ್ಲಿ 7. ಕೆಲಸವು ಚುರುಕು, ಆದರೆ ಕಂಪನವು ನಿಂತ ಮೇಲೆಯೂ ಅಲುಗು ಕೆಲಕಾಲ ಕಾದೇ ಇರುವುದು. ಆಗ ಅದು ಕರುಳಿಗೆ ತಗುಲಿದರೆ, ಸುಟ್ಟ ಗಾಯವು ಅಂದು ಕಾಣದೆ, ದಿನಗಳ ಮೇಲೆ ರಂಧ್ರವಾಗಿ ತೋರಬಹುದು. ಎರಡೂ ಶಕ್ತಿಗಳನ್ನು ಕೂಡಿಸಿದ ಥಂಡರ್‌ಬೀಟ್ ಎಂಬುದೂ ಇರುವುದು. ಶಾಖದ ಭಯವು ಅದಕ್ಕೂ ತಪ್ಪಿದ್ದಲ್ಲ.

ಇವುಗಳಲ್ಲಿ ಯಾವುದು ಶ್ರೇಷ್ಠವು? ಒಂದೇ ಸರ್ವಥಾ ಮೇಲೆಂದು ಸ್ಥಿರಪಟ್ಟಿಲ್ಲ. ನಾಳವನ್ನು ಜಗ್ಗದೆ ಹಿಡಿಯುವುದು, ಸಂದೇಹವಿದ್ದಲ್ಲಿ ಎರಡು ಸಲ ಬೆಸೆಯುವುದು, ಕಾದ ತುದಿಯನ್ನು ಸದಾ ಕಣ್ಣಮುಂದಿಟ್ಟುಕೊಳ್ಳುವುದು, ಇವೇ ಪ್ರಾಣವನ್ನುಳಿಸುವುವು.

ಆದಕಾರಣ ನಿಮ್ಮ ಮನೆಯವರಾರಾದರೂ ಈ ಚಿಕಿತ್ಸೆಗೆ ಹೋಗುವುದಾದರೆ, ಉಪಕರಣದ ಹೆಸರಿಗಿಂತ ವೈದ್ಯರ ಅನುಭವವನ್ನು ಮೊದಲು ವಿಚಾರಿಸಿರಿ. ಮನೆಗೆ ಬಂದ ಮೇಲೆ ಜ್ವರ, ಹೊಟ್ಟೆನೋವು, ನಾಡಿಯ ಅತಿವೇಗ, ಇವುಗಳಲ್ಲೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಷ್ಟನ್ನು ನಿವೇದಿಸಿ, ಈ ಅಲ್ಪಭಾಷಣವನ್ನು ಮುಗಿಸುವೆನು.