ನಂದಿ ಬೆಟ್ಟ ಸುತ್ತಿದರೆ ಕಡಲು ಸಿಕ್ಕೀತೇ?

ಆಷಾಢ ಮಾಸದ ಕೊನೆಯ ಸೋಮವಾರ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಮುಂದೆ ಹೊತ್ತು ಮೂಡುವಾಗಲೇ ಜನ ಸೇರುತ್ತಾರೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯವರೆಲ್ಲ ಇರುತ್ತಾರೆ. ಬೆಟ್ಟವನ್ನು ಬಲಕ್ಕಿಟ್ಟುಕೊಂಡು, ಕುಡುವತಿ, ಕಾರಹಳ್ಳಿ ಕಡೆಯ ದಾರಿ ಹಿಡಿದು, ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಹೊರಟ ಜಾಗಕ್ಕೇ ಬಂದು ಸೇರುವ ನಡಿಗೆ ಇದು. ಹೆಸರು ನಂದಿ ಗಿರಿ ಪ್ರದಕ್ಷಿಣೆ. ದೊಡ್ಡವರು ಭಜನೆ ಹಾಡುತ್ತ ನಡೆಯುತ್ತಾರೆ. ಮಕ್ಕಳ ಕಣ್ಣು ದಾರಿಯಲ್ಲಿ ಸಿಕ್ಕುವ ಕಲ್ಲು, ಕಾಯಿ, ಓತಿಕೇತಗಳ ಮೇಲೆ. ನಾನು ಮಕ್ಕಳ ಪಕ್ಷ.

ಕಡಲಂಚಿನ ಊರುಗಳಲ್ಲೂ ಇಂಥ ಸುತ್ತು ನಡಿಗೆ ಉಂಟು. ಬಂದರಿನಿಂದ ಹೊರಟು, ಗಾಳಿಗೆ ಬಾಗಿದ ಕುರುಚಲು ಬಯಲನ್ನು ದಾಟಿ, ಮರಳ ದಂಡೆಗೆ ಇಳಿದು, ಮತ್ತೆ ಬಂದರಿಗೇ ಬರುವುದು. ಕುರುಚಲು ನಮ್ಮಲ್ಲಿ ಬೇಕಾದಷ್ಟಿದೆ. ಬಂದರಿಗೂ ಮರಳ ದಂಡೆಗೂ ಎಲ್ಲಿಗೆ ಹೋಗೋಣ ಎನ್ನುತ್ತೀರಾ? ಎಲ್ಲಿಗೂ ಬೇಡ, ಇಲ್ಲೇ ಹುಡುಕೋಣ.

ಮೊದಲು ಒಂದು ಗಿಡ. ಬೆಟ್ಟದ ಬುಡದಲ್ಲಿ ಆಳೆತ್ತರ ಬೆಳೆಯುವ ಬಂದರೆ ಗಿಡವನ್ನು ನೀವು ನೋಡಿರುತ್ತೀರಿ. ಕುರಿ, ಮೇಕೆ ಅಷ್ಟಾಗಿ ಬಾಯಿ ಹಾಕದ ಗಿಡ. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಸ್ವಲ್ಪ ಅಂಟಂಟು. ಮೇಲೆ ತೆಳ್ಳಗೆ ಮೇಣದಂಥ ಲೇಪವಿದೆ, ಬಿಸಿಲಲ್ಲಿ ಅದೇ ಹೊಳೆಯುವುದು. ಎಲೆಯೊಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು ಆ ಲೇಪದ ಕೆಲಸ. ಕಾಯಿಗಳಿಗೆ ಕಾಗದದಷ್ಟು ತೆಳುವಾದ ರೆಕ್ಕೆಗಳಿವೆ, ಆಷಾಢದ ಗಾಳಿ ಅವನ್ನು ಎತ್ತಿ ದೂರ ಒಗೆಯುತ್ತದೆ. ಇದೇ ಜಾತಿಯ ಗಿಡ ಆಸ್ಟ್ರೇಲಿಯಾದಲ್ಲಿದೆ, ಹವಾಯಿ ದ್ವೀಪಗಳಲ್ಲಿದೆ, ಎಷ್ಟೋ ಕಡೆ ಕಡಲ ದಂಡೆಯ ಮೇಲೇ ಬೆಳೆಯುತ್ತದೆ. ಒಣ ಬೆಟ್ಟಕ್ಕೂ ಕಡಲ ದಂಡೆಗೂ ಏನು ನಂಟು? ಬೆಟ್ಟದಲ್ಲಿ ಮಣ್ಣು ತೆಳು, ಬಿದ್ದ ಮಳೆ ಉಳಿಯುವುದಿಲ್ಲ. ದಂಡೆಯಲ್ಲಿ ಕಣ್ಣೆದುರಿಗೆ ನೀರಿದ್ದರೂ ಅದು ಉಪ್ಪು, ಬೇರಿಗೆ ಬೇಡವಾದದ್ದು. ಎರಡೂ ಕಡೆ ಬೀಸುವ ಗಾಳಿ ಎಲೆಯನ್ನು ಒಣಗಿಸುತ್ತದೆ. ಕಷ್ಟ ಒಂದೇ ಆದಾಗ ಉಪಾಯವೂ ಒಂದೇ ಸಾಕಾಗುತ್ತದೆ.

ಇನ್ನು ಕಲ್ಲು. ನಂದಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ನಮ್ಮ ಕಡೆಯ ಈ ಹಳೆಯ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಭೂಮಿಯ ಮೇಲೆ ಮರವಿರಲಿಲ್ಲ, ಮೀನಿರಲಿಲ್ಲ. ಬರಿಗಣ್ಣಿಗೆ ಕಾಣದ ಜೀವಿಗಳು ಮಾತ್ರ ಇದ್ದವು. ಈ ಕಲ್ಲು ನೆಲದಾಳದಲ್ಲಿ ಕುದಿದು, ನಿಧಾನವಾಗಿ ಆರಿ ಗಟ್ಟಿಯಾದದ್ದು. ಮೇಲಿದ್ದ ಭಾರವನ್ನು ಮಳೆಗಾಳಿ ಸವೆಸುತ್ತ ಬಂದ ಹಾಗೆ ಅದುಮಿಟ್ಟಿದ್ದ ಕಲ್ಲು ಹಗುರಾಗಿ ಬಿರುಕು ಬಿಟ್ಟಿತು. ಆ ಬಿರುಕುಗಳು ಮೇಲ್ಮೈಗೆ ಸಮವಾಗಿ ಓಡುವುದರಿಂದ ಬಂಡೆ ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹಗಲಿನ ಬಿಸಿಲು, ರಾತ್ರಿಯ ತಂಪು, ಬಿರುಕಿನಲ್ಲಿ ತೂರಿಕೊಂಡ ಬೇರು, ಎಲ್ಲವೂ ಅದಕ್ಕೆ ಕೈ ಸೇರಿಸುತ್ತವೆ. ಬೋಳು ಗುಂಡುಗಳ ಪಕ್ಕದಲ್ಲಿ ಬಿದ್ದಿರುವ ಬಾಗಿದ ಚಕ್ಕೆಗಳನ್ನು ನೋಡಿ, ಅವೇ ಸಿಪ್ಪೆಗಳು.

ಚಕ್ಕೆ ಒಡೆದರೆ ಜಲ್ಲಿ, ಜಲ್ಲಿ ಸವೆದರೆ ಮರಳು. ದಾರಿಗೆ ಅಡ್ಡ ಸಿಗುವ ಯಾವುದಾದರೂ ಹಳ್ಳದಲ್ಲಿ ಒಂದು ಚಿಟಿಕೆ ಮರಳನ್ನು ಅಂಗೈಗೆ ಹಾಕಿಕೊಂಡು ನೋಡಿ. ಗಾಜಿನಂತೆ ಹೊಳೆಯುವುದು ಬೆಣಚು. ಮಂಕು ಬಿಳಿ ಅಥವಾ ನಸುಗೆಂಪು ಬಣ್ಣದ್ದು ಫೆಲ್ಡ್‌ಸ್ಪಾರ್. ಪಳಪಳ ಮಿಂಚುವ ತೆಳು ಹಾಳೆಗಳು ಕಾಗೆಬಂಗಾರ. ಇವು ಮೂರಕ್ಕೂ ಒಂದೇ ಗತಿಯಲ್ಲ. ಫೆಲ್ಡ್‌ಸ್ಪಾರ್ ಮಳೆನೀರಿನ ಜೊತೆ ಮೆಲ್ಲಗೆ ಬೆರೆತು, ಬದಲಾಗಿ ಜೇಡಿಮಣ್ಣಾಗುತ್ತದೆ. ಕೆರೆಯ ತಳದಲ್ಲಿ ಕೂರುವ, ಬೇಸಿಗೆಯಲ್ಲಿ ರೈತರು ಹೊಲಕ್ಕೆ ಹೊಡೆಯುವ ಗೋಡು ಮಣ್ಣಿನಲ್ಲಿ ಅದರ ಪಾಲು ದೊಡ್ಡದು. ಬೆಣಚು ಮಾತ್ರ ಹಟಮಾರಿ. ನೀರಿಗೆ ಕರಗದು, ಸುಲಭಕ್ಕೆ ಒಡೆಯದು. ಹಳ್ಳದಿಂದ ಹೊಳೆಗೆ, ಹೊಳೆಯಿಂದ ನದಿಗೆ ಉರುಳುತ್ತ ಅಂಚು ಸವೆಸಿಕೊಂಡು ಗುಂಡಗಾಗುತ್ತ ಹೋಗುತ್ತದೆ. ಪೂರ್ವ ಕರಾವಳಿಯ ಮರಳು ದಂಡೆಗಳಿಗೆ ಮರಳನ್ನು ಹೊತ್ತು ತಂದದ್ದು ಒಳನಾಡಿನ ನದಿಗಳೇ. ಆ ದಂಡೆಯ ಒಂದಷ್ಟು ಕಾಳುಗಳಿಗೆ ನಮ್ಮ ಬೆಟ್ಟಸಾಲೇ ತವರು. ಬೆಟ್ಟ ಹೀಗೆ ಕರಗಿ ಮುಗಿದೇ ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಹೋಗುತ್ತದೆ. ಆದರೆ ಅದನ್ನು ನೋಡಲು ಕೋಟಿಗಟ್ಟಲೆ ವರ್ಷ ಕಾಯಬೇಕು.

ಈಗ ನನಗೆ ಬಲು ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಬೆಟ್ಟದ ಏಣಿನ ಮೇಲೆ ಮಳೆ ಹನಿಗಳು ಬೀಳುತ್ತವೆ ಎನ್ನಿ. ಪಡುವಣಕ್ಕೆ ಜಾರಿದ ಹನಿ ಅರ್ಕಾವತಿಯ ಪಾಲು. ಅದು ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ ದಾಟಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿ ಕಡಲಿಗೆ ಬೀಳುವ ಪೂಂಪುಹಾರ್ ಎರಡು ಸಾವಿರ ವರ್ಷಗಳ ಹಿಂದೆ ಹೆಸರಾಂತ ಬಂದರು. ಆಗ್ನೇಯಕ್ಕೆ ಜಾರಿದ ಹನಿ ದಕ್ಷಿಣ ಪಿನಾಕಿನಿಗೆ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯಾದ ಶೃಂಗಿ ತೀರ್ಥವೇ ಅದರ ಹುಟ್ಟು ಎಂದು ಜನ ನಂಬುತ್ತಾರೆ. ಆ ಹನಿ ಹೊಸಕೋಟೆಯ ದೊಡ್ಡ ಕೆರೆಯನ್ನು ಹಾದು ತಮಿಳುನಾಡಿಗೆ ಇಳಿದು, ಹಳೆಯ ಬಂದರು ಪಟ್ಟಣವಾದ ಕಡಲೂರಿನ ಬಳಿ ಕಡಲು ಕಾಣುತ್ತದೆ. ಇದೇ ಬೆಟ್ಟಸಾಲಿನ ಚನ್ನಗಿರಿಯ ಉತ್ತರಕ್ಕೆ ಬಿದ್ದ ಹನಿ ಉತ್ತರ ಪಿನಾಕಿನಿಗೆ. ಅದು ಗೌರಿಬಿದನೂರು, ಹಿಂದೂಪುರದ ಮೇಲೆ ಉತ್ತರಕ್ಕೇ ನಡೆದು, ಅನಂತಪುರದ ಸೀಮೆಯಲ್ಲಿ ಮೂಡಣಕ್ಕೆ ತಿರುಗಿ, ಒಟ್ಟು 597 ಕಿಲೋಮೀಟರ್ ಹರಿದು ನೆಲ್ಲೂರಿನಾಚೆ ಕಡಲು ಸೇರುವ ನದಿ. ಅದರ ಬಾಯಿಂದ ತುಸು ದಕ್ಷಿಣಕ್ಕಿದೆ ಕೃಷ್ಣಪಟ್ಟಣಂ ಬಂದರು. ಒಂದೇ ಬೆಟ್ಟಸಾಲಿನಲ್ಲಿ, ಒಂದೇ ಮಳೆಗೆ ಬಿದ್ದ ಹನಿಗಳು ಇವು. ಕಡಲು ಮುಟ್ಟುವಾಗ ನೆಲ್ಲೂರಿನದಕ್ಕೂ ಕಡಲೂರಿನದಕ್ಕೂ ನಡುವೆ ಸುಮಾರು 300 ಕಿಲೋಮೀಟರ್ ಅಂತರ!

ಹನಿ ಎತ್ತ ಹೋಗಬೇಕೆಂದು ತೀರ್ಮಾನಿಸುವ ಆ ಏಣನ್ನು ಭೂಗೋಳದಲ್ಲಿ ಜಲವಿಭಾಜಕ ಎನ್ನುತ್ತಾರೆ. ಪ್ರದಕ್ಷಿಣೆಯ ದಾರಿಯಲ್ಲಿ ನೀವು ಅದನ್ನು ಗೊತ್ತಿಲ್ಲದೆಯೇ ದಾಟಿರುತ್ತೀರಿ. ಬೋರ್ಡು ಹಾಕಿರುವುದಿಲ್ಲ. ಚರಂಡಿಯ ನೀರು ಯಾವ ಕಡೆ ಹರಿಯುತ್ತಿದೆ ಎಂದು ಬಗ್ಗಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಶಿಡ್ಲಘಟ್ಟ, ಚಿಂತಾಮಣಿಯ ಮಕ್ಕಳು ಮುನಿಸಿಕೊಳ್ಳಬೇಡಿ, ನಿಮ್ಮ ಕಡೆಯೂ ನದಿಗಳು ಹುಟ್ಟುತ್ತವೆ. ಶಿಡ್ಲಘಟ್ಟದ ಕಡೆಯ ಪಾಪಾಗ್ನಿ ಆಂಧ್ರಕ್ಕೆ ಹರಿದು ಉತ್ತರ ಪಿನಾಕಿನಿಯನ್ನೇ ಸೇರುತ್ತದೆ. ಚಿಂತಾಮಣಿ ಸೀಮೆಯಲ್ಲಿ ಮೊದಲಾಗುವ ಪಾಲಾರ್ 348 ಕಿಲೋಮೀಟರ್ ಸಾಗಿ ಚೆನ್ನೈನ ದಕ್ಷಿಣಕ್ಕೆ ಕಡಲು ಸೇರುತ್ತದೆ.

ಹಾಗಾದರೆ ನಮ್ಮ ನದಿಗಳಲ್ಲಿ ವರ್ಷದ ಬಹುಪಾಲು ಮರಳೇ ಕಾಣುವುದೇಕೆ? ಮುಂಗಾರು ಮಳೆ ಅರಬ್ಬಿ ಸಮುದ್ರದಿಂದ ಹೊರಟು ಪಶ್ಚಿಮ ಘಟ್ಟದಲ್ಲೇ ಹೆಚ್ಚಿನ ನೀರನ್ನು ಇಳಿಸಿಬಿಡುತ್ತದೆ. ನಮ್ಮವರೆಗೆ ಬರುವುದು ಮಿಕ್ಕ ಮೋಡ, ಬರೀ ಗಾಳಿ. ನಮಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗೆ. ಆ ಒಂದೆರಡು ತಿಂಗಳ ಮಳೆಯನ್ನು ಹಿಡಿಯಲೆಂದೇ ಹಿಂದಿನವರು ಕೆರೆಗಳನ್ನು ಸರಪಳಿಯಾಗಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ. ಎಲ್ಲವೂ ತುಂಬಿದ ಮೇಲಷ್ಟೇ ನದಿಗೆ. ಈಗ ಸಾವಿರಾರು ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕೆ ಇಳಿಸಿವೆ, ಕೆರೆಯಿಂದ ಕೆರೆಗಿದ್ದ ಕಾಲುವೆಗಳು ಎಷ್ಟೋ ಕಡೆ ಮುಚ್ಚಿಹೋಗಿವೆ. ಇಷ್ಟಾದರೂ ನದಿ ಸತ್ತಿಲ್ಲ. 2021ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದಾಗ ಗೌರಿಬಿದನೂರಿನ ಜನ ಸೇತುವೆಯ ಮೇಲೆ ನಿಂತು ಹರಿಯುವ ಉತ್ತರ ಪಿನಾಕಿನಿಯನ್ನು ನೋಡಿದರು. ಅದೇ ತಿಂಗಳು, ದಾರಿಯಲ್ಲಿ ಬೇರೆ ಹೊಳೆಗಳ ನೀರೂ ಕೂಡಿಕೊಂಡು, ಇದೇ ನದಿ ನೆಲ್ಲೂರಿನ ಬಳಿ ರೈಲು ಹಳಿಯ ಕೆಳಗಿನ ಮಣ್ಣನ್ನೇ ಕೊಚ್ಚಿಕೊಂಡು ಹೋಯಿತು.

ಮನೆಯಲ್ಲೇ ಒಂದು ಆಟ ಆಡಿ ನೋಡಿ. ದಪ್ಪ ಕಾಗದವನ್ನು ಚೆನ್ನಾಗಿ ಮುದುರಿ, ಅರ್ಧ ಬಿಡಿಸಿ ತಟ್ಟೆಯಲ್ಲಿಡಿ. ಏಣುಗಳ ಮೇಲೆಲ್ಲ ನೀಲಿ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ನೀರು ಚಿಮುಕಿಸಿ. ಬಣ್ಣ ಕರಗಿ ಯಾವ ತಗ್ಗಿಗೆ ಇಳಿಯುತ್ತದೆ ಎಂದು ಮೊದಲೇ ಊಹಿಸಿ, ಆಮೇಲೆ ಸರಿನೋಡಿ. ಹಳ್ಳದ ಮರಳು ಸಿಕ್ಕರೆ ಒಣಗಿಸಿ, ಅದರ ಮೇಲೆ ಕಾಗದ ಸುತ್ತಿದ ಅಯಸ್ಕಾಂತವನ್ನು ಆಡಿಸಿ. ಕಪ್ಪು ಕಾಳುಗಳು ಅಂಟಿಕೊಂಡರೆ ಅವು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಮುಂದೆ ಎಂದಾದರೂ ಕಡಲಿಗೆ ಹೋದಾಗ ಅಲ್ಲಿಯ ಮರಳಿಗೂ ಇದೇ ಪರೀಕ್ಷೆ ಮಾಡಿ, ಕಾಳುಗಳ ಅಂಚು ಹೇಗಿದೆ ಎಂದು ಭೂತಗನ್ನಡಿಯಲ್ಲಿ ಹೋಲಿಸಿ.

ಮಳೆಗಾಲ ಬರುವ ಮೊದಲು ಇನ್ನೊಂದು ಕೆಲಸವಿದೆ. ನಿಮ್ಮೂರ ಕೆರೆಯ ಕೋಡಿ ನೀರು ಯಾವ ಕೆರೆಗೆ ಹೋಗುತ್ತಿತ್ತು, ಅಲ್ಲಿಂದ ಮುಂದೆ ಯಾವುದಕ್ಕೆ ಎಂದು ಅಜ್ಜ ಅಜ್ಜಿಯರನ್ನು ಕೇಳಿ, ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದಿಡಿ. ಕೊನೆಯ ಹೆಸರು ಒಂದು ನದಿಯದಾಗುವವರೆಗೆ ಕೇಳುತ್ತಲೇ ಇರಿ.