ಬೀದಿ ಬೆಕ್ಕು ಮತ್ತು ನಮ್ಮ ಹೊಣೆ

(ಮಸ್ಕತ್‌ನ ರೂವಿಯಲ್ಲಿ ನಡೆದ ಕುಟುಂಬ ಸ್ನೇಹ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆಯಲ್ಲಿರುವ ಹಿರಿಯರೇ, ಉಸ್ತಾದರೇ, ರಜೆಯ ನಿದ್ದೆ ಬಿಟ್ಟು ಬರ್ಕಾ, ಸೀಬ್ ಕಡೆಯಿಂದ ಬಂದ ಸಹೋದರರೇ, ತಾಯಂದಿರೇ, ಸಹೋದರಿಯರೇ,

ನಮ್ಮ ಸಭೆಗಳಲ್ಲಿ ವೀಸಾ, ಟಿಕೆಟ್, ರಕ್ತದಾನದ ಮಾತು ವಾಡಿಕೆ. ನಾನು ಪುಚ್ಚೆಯ ಬಗ್ಗೆ ಮಾತಾಡ್ತೇನೆ ಅಂದಾಗ ಕಾರ್ಯದರ್ಶಿಗಳು ನಕ್ಕರು. ನಗಲಿ, ಪರವಾಗಿಲ್ಲ. ಮೊದಲು ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

ಮೂರು ವರ್ಷದ ಹಿಂದೆ ನಮ್ಮ ಕಟ್ಟಡದ ಕೆಳಗೆ ಹನ್ನೊಂದು ಬೆಕ್ಕುಗಳಿದ್ದವು. ತಿನ್ನಲು ಹಾಕುತ್ತಿದ್ದವರು ನಾವೇ. ಬಂಗುಡೆಯ ತಲೆ, ಉಳಿದ ಅನ್ನ, ಕೆಲವೊಮ್ಮೆ ಟೂನಾ ಡಬ್ಬ. ರಾತ್ರಿಯಿಡೀ ಜಗಳ, ಮೆಟ್ಟಿಲಲ್ಲಿ ವಾಸನೆ, ಕಾರಿನ ಮೇಲೆ ಉಗುರಿನ ಗೆರೆ. ಫ್ಯಾಮಿಲಿಯವರು ದೂರು ಕೊಟ್ಟರು, ವಾಚ್‌ಮನ್ ನಮ್ಮ ರೂಮಿಗೆ ಬಂದು ಗಲಾಟೆ ಮಾಡಿದ. ಒಂದು ರಾತ್ರಿ ನಾನೂ ರೂಮಿನ ಇಬ್ಬರೂ ಸೇರಿ ಆರು ಬೆಕ್ಕುಗಳನ್ನು ಹಿಡಿದು, ಬಾಳೆಹಣ್ಣಿನ ಕಾರ್ಟನ್‌ಗೆ ತುಂಬಿ, ಪಿಕಪ್‌ನಲ್ಲಿ ಊರಾಚೆಯ ಒಂದು ವಾದಿಯ ಹತ್ತಿರ ಬಿಟ್ಟು ಬಂದೆವು. ಜೂನ್ ತಿಂಗಳು. ಆ ಜಾಗದಲ್ಲಿ ನೆರಳೂ ಇಲ್ಲ, ನೀರೂ ಇಲ್ಲ.

ಮರುದಿನ ಬೆಳಿಗ್ಗೆ ಎ.ಸಿ. ಯಂತ್ರದ ಹಿಂದಿನಿಂದ ಮರಿಗಳು ಕೂಗುವುದು ಕೇಳಿತು. ತಾಯಿಯನ್ನು ನಾವು ಬಿಟ್ಟು ಬಂದಿದ್ದೆವು. ಡ್ಯೂಟಿ ಮುಗಿಸಿ ವಾಪಸು ಹೋಗಿ ಹುಡುಕಿದೆವು, ಸಿಗಲಿಲ್ಲ. ನಾಲ್ಕು ಮರಿಗಳಲ್ಲಿ ಒಂದು ಮಾತ್ರ ಉಳಿಯಿತು. ಬೆಕ್ಕನ್ನು ಕಟ್ಟಿಹಾಕಿ, ತಾನೂ ತಿನ್ನಿಸದೆ, ಅದಾಗಿ ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸಿಗೆ ಶಿಕ್ಷೆಯಾಯಿತು ಎಂಬ ಹದೀಸ್ ಬುಖಾರಿಯಲ್ಲೂ ಮುಸ್ಲಿಮಿನಲ್ಲೂ ಉಂಟು. ಮದ್ರಸದಲ್ಲಿ ಕಲಿತದ್ದೇ. ಅವತ್ತು ಅದು ನನಗೇ ಹೇಳಿದ ಹಾಗೆ ಕಂಡಿತು.

ಅಷ್ಟು ಮಾಡಿಯೂ ಎಂತ ಪ್ರಯೋಜನವಾಯಿತು? ಮೂರೇ ತಿಂಗಳಲ್ಲಿ ಕಟ್ಟಡದ ಕೆಳಗೆ ಮತ್ತೆ ಒಂಬತ್ತು ಬೆಕ್ಕು! ಕಾರಣ ಸರಳ. ಕಸದ ತೊಟ್ಟಿ ಅಲ್ಲೇ ಉಂಟು, ಕಫ್ತೀರಿಯಾದ ಹಿಂಬಾಗಿಲು ಅಲ್ಲೇ ಉಂಟು. ಇದ್ದ ಬೆಕ್ಕನ್ನು ತೆಗೆದರೆ ಪಕ್ಕದ ಗಲ್ಲಿಯದ್ದು ಬಂದು ಸೇರುತ್ತದೆ, ಉಳಿದದ್ದು ಮರಿ ಹಾಕುತ್ತದೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು. ಒಂಬತ್ತು ವಾರಕ್ಕೆ ಹೆರಿಗೆ. ವರ್ಷಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ, ಪ್ರತಿ ಸಲ ನಾಲ್ಕರ ಹತ್ತಿರ ಮರಿ. ಅದರಲ್ಲಿ ಎಷ್ಟೋ ಮರಿಗಳು ಚಕ್ರದಡಿಗೆ, ಬಿಸಿಲಿಗೆ, ರೋಗಕ್ಕೆ ಹೋಗುತ್ತವೆ. ಅನ್ನ ಹಾಕಿ ನಾವು ಪುಣ್ಯ ಕಟ್ಟಿಕೊಂಡೆವು ಅಂದುಕೊಂಡಿರುತ್ತೇವೆ, ಸಾಯುವ ಮರಿಗಳ ಲೆಕ್ಕ ಯಾರೂ ಇಡುವುದಿಲ್ಲ.

ಇದಕ್ಕೆ ಲೋಕದ ಹಲವು ಕಡೆ ನಡೆಯುವ ದಾರಿ ಒಂದು ಉಂಟು. ಹಿಡಿಯುವುದು, ಸಂತಾನಹರಣ ಚಿಕಿತ್ಸೆ ಮಾಡಿಸುವುದು, ಹಿಡಿದ ಜಾಗದಲ್ಲೇ ವಾಪಸು ಬಿಡುವುದು. ಊರಲ್ಲಿ ನೋಡಿದ್ದೀರಿ. ನಮ್ಮ ದೇಶದಲ್ಲಿ ಬೀದಿ ನಾಯಿಗಳಿಗೆ 2001ರಲ್ಲಿ ಇದೇ ನಿಯಮ ಬಂತು. ಮಂಗಳೂರಿನ ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟ್‌ನವರು ಈ ಕೆಲಸ ಮಾಡಿದವರು. ಕಿವಿ ಕತ್ತರಿಸಿದ ನಾಯಿ ಎಂದರೆ ಆಪರೇಷನ್ ಆದದ್ದು ಎಂದು ಗುರುತು. ಬೆಕ್ಕಿಗೂ ಹಾಗೆಯೇ. ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು, ಸಾಮಾನ್ಯವಾಗಿ ಎಡಗಿವಿಯದ್ದನ್ನು, ಸ್ವಲ್ಪ ತೆಗೆಯುತ್ತಾರೆ. ಮತ್ತೊಮ್ಮೆ ಅದನ್ನೇ ಹಿಡಿದು ಹೊಟ್ಟೆ ಕೊಯ್ಯುವುದು ಬೇಡವಲ್ಲ. ಒಂದು ಗುಂಪಿನಲ್ಲಿ ನೂರಕ್ಕೆ 70ರಷ್ಟಾದರೂ ಆಗದಿದ್ದರೆ ಸಂಖ್ಯೆ ಇಳಿಯುವುದಿಲ್ಲ ಎನ್ನುತ್ತಾರೆ ಬಲ್ಲವರು. ಎರಡಕ್ಕೆ ಮಾಡಿಸಿ ಫೋಟೋ ಹಾಕಿ ಬಿಟ್ಟರೆ ಆಗದು.

ಈಗ ಹಿಂದಿನ ಸಾಲಿನ ಕಾಕ ಕೈ ಎತ್ತಿದ್ದಾರೆ. "ಇದು ಹರಾಂ ಅಲ್ವಾ ಮೋನೇ?" ಸರಿಯಾದ ಪ್ರಶ್ನೆ. ನಾವು ಶಾಫಿಈಗಳು. ಮಾಂಸ ತಿನ್ನದ ಪ್ರಾಣಿಯ ಬೀಜ ತೆಗೆಯುವುದನ್ನು ಇಮಾಂ ನವವಿಯವರಂಥವರು ನಿಷಿದ್ಧ ಅಂದದ್ದು ಹೌದು, ಅದನ್ನು ಮುಚ್ಚಿಡುವುದಿಲ್ಲ. ಹನಫಿಗಳಲ್ಲಿ ಪ್ರಯೋಜನವಿದ್ದರೆ ಸಡಿಲಿಕೆ ಉಂಟು. ಬೆಕ್ಕುಗಳು ಮಿತಿಮೀರಿ ಉಪದ್ರವಾದಾಗ, ಅವುಗಳಿಗೆ ಹಾನಿಯಾಗದ ಹಾಗೆ ಚಿಕಿತ್ಸೆ ಮಾಡಿಸುವುದು ಕೊಲ್ಲುವುದಕ್ಕಿಂತ ಮೇಲು ಎಂದವರು ಈ ಕಾಲದ ವಿದ್ವಾಂಸರಲ್ಲಿ ಇದ್ದಾರೆ. ಹಿಂದೆ ಊರಲ್ಲಿ ಹೋರಿಯ ಬೀಜ ಒಡೆಯುವಾಗ ಅದು ಬೊಬ್ಬೆ ಹೊಡೆಯುತ್ತಿದ್ದದ್ದು ನನ್ನ ಕಿವಿಯಲ್ಲಿ ಈಗಲೂ ಉಂಟು. ಅದಕ್ಕೂ ಡಾಕ್ಟರ್ ಅರಿವಳಿಕೆ ಕೊಟ್ಟು ಮಾಡುವುದಕ್ಕೂ ವ್ಯತ್ಯಾಸ ಇಲ್ಲವೇ? ನಾನು ಫತ್ವಾ ಕೊಡುವವನಲ್ಲ. ಉಸ್ತಾದರು ಇಲ್ಲೇ ಇದ್ದಾರೆ, ಚಾ ಕುಡಿಯುವಾಗ ಕೇಳಿ. ಆದರೆ ಕಾಕ, ವಾದಿಯಲ್ಲಿ ಬಿಟ್ಟು ಬರುವುದು ಹಲಾಲ್ ಅಂತ ಯಾವ ಮದ್‌ಹಬ್‌ನಲ್ಲೂ ನಾನು ಕೇಳಿಲ್ಲ.

ಕೆಲಸದ ವಿಷಯಕ್ಕೆ ಬರುತ್ತೇನೆ. ಕಳೆದ ಚಳಿಗಾಲ ನಾವು ಏಳು ಮಂದಿ ಸೇರಿ ಇದನ್ನು ಮಾಡಿದೆವು. ಮೊದಲು ಕಟ್ಟಡದ ಯಜಮಾನರ ಒಪ್ಪಿಗೆ ಕೇಳಿದೆವು. ಪರದೇಶದಲ್ಲಿ ರಾತ್ರಿ ಬೋನು ಹಿಡಿದು ತಿರುಗಿದರೆ ಕಳ್ಳ ಅಂದಾರು. ಹದಿನೈದು ದಿನ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ತಿಂಡಿ ಇಟ್ಟೆವು. ಬೆಕ್ಕುಗಳು ಗಡಿಯಾರ ನೋಡಿದ ಹಾಗೆ ಬರತೊಡಗಿದವು. ಹಿಡಿಯುವ ಹಿಂದಿನ ದಿನ ತಿಂಡಿ ನಿಲ್ಲಿಸಿ, ಬೋನಿನೊಳಗೆ ಟೂನಾ ಇಟ್ಟೆವು. ಸಿಕ್ಕಿದ ಕೂಡಲೇ ಮೇಲೆ ಬಟ್ಟೆ ಮುಚ್ಚಬೇಕು, ಕತ್ತಲಾದರೆ ಅದು ಸುಮ್ಮನಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಒಮಾನಿನ ನರಿಗಳಲ್ಲಿ 1990ರಿಂದ ರೇಬೀಸ್ ಉಂಟು. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ, ಅರಶಿನ ಹಚ್ಚಿ ಮಲಗಬೇಡಿ. ಆಪರೇಷನ್ ಹೊತ್ತಿಗೇ ಬೆಕ್ಕಿಗೂ ರೇಬೀಸ್ ಲಸಿಕೆ ಹಾಕಿಸಿ. ಮೊಲೆಯಲ್ಲಿ ಹಾಲಿರುವ ತಾಯಿ ಸಿಕ್ಕಿದರೆ ಬಿಟ್ಟುಬಿಡಿ, ಮರಿಗಳು ತಾವಾಗಿ ತಿನ್ನುವವರೆಗೆ ಕಾಯಿರಿ. ಇದನ್ನು ನಾನು ಕಲಿತ ರೀತಿ ನಿಮಗೆ ಗೊತ್ತೇ ಉಂಟು.

ಗಂಡು ಮರುದಿನ ಹೊರಡುತ್ತದೆ. ಹೆಣ್ಣಿನದ್ದು ಹೊಟ್ಟೆಯ ಗಾಯ, ಒಂದೆರಡು ದಿನ ಜಾಸ್ತಿ ನೋಡಿಕೊಳ್ಳಬೇಕು. ನಮ್ಮ ಸ್ಟೋರ್ ರೂಮಿನಲ್ಲಿಟ್ಟು ಪಾಳಿ ಹಾಕಿ ನೋಡಿಕೊಂಡೆವು. ರಾತ್ರಿ ಪಾಳಿ ಹಿಡಿದದ್ದು, ಮೊದಲು ದೂರು ಹೇಳಿದ ಆ ವಾಚ್‌ಮನ್!

ಒಟ್ಟು ಒಂಬತ್ತರಲ್ಲಿ ಏಳಕ್ಕೆ ಆಯಿತು. ಹಣ ಸುಲಭವಾಗಿರಲಿಲ್ಲ, ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ದರ ಬೇರೆ. ಮೊದಲೇ ಕೇಳಿ, ನಾಲ್ಕೈದು ಒಟ್ಟಿಗೆ ತಂದರೆ ಕಡಿಮೆ ಮಾಡುತ್ತೀರಾ ಅಂತಲೂ ಕೇಳಿ. ಈ ವರ್ಷ ನಮ್ಮ ಕಟ್ಟಡದಲ್ಲಿ ಮರಿ ಹುಟ್ಟಿಲ್ಲ. ರಾತ್ರಿಯ ಜಗಳ ಬಹಳ ಕಡಿಮೆಯಾಗಿದೆ. ಎ.ಸಿ. ಹಿಂದೆ ಉಳಿದ ಆ ಒಂದು ಮರಿ ಈಗ ದೊಡ್ಡದಾಗಿದೆ, ಅದರ ಎಡಗಿವಿಯೂ ಮೊಂಡು.

ಸಂಘದಲ್ಲಿ ಎರಡು ಬೋನುಗಳಿವೆ. ಇನ್ನೆರಡು ಗಂಡು ಬೆಕ್ಕುಗಳು ನಮ್ಮಲ್ಲಿ ಬಾಕಿ. ಮುಂದಿನ ಶುಕ್ರವಾರ ಅಸರ್ ನಮಾಝ್ ಆದ ಮೇಲೆ ಇಡುತ್ತೇವೆ. ನೋಡಿ ಕಲಿಯಬೇಕು ಅನ್ನುವವರು ಬನ್ನಿ, ಹಳೆಯ ಬೆಡ್‌ಶೀಟ್ ಇದ್ದರೆ ತನ್ನಿ. ಬೋನು ಬೇಕಾದ ಕಟ್ಟಡದವರು ಇವತ್ತೇ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಅವರು ಈಗ ನಗುವುದಿಲ್ಲ.